ಕೊಳ್ಳುವ ಮುಂಚೆ ಒಂದು ರಾತ್ರಿ ನಿಲ್ಲಿಸಿ ನೋಡು

ಪುಟ್ಟಾ,

ನೀನು ಕಳಿಸಿದ ಫೋಟೋಗಳನ್ನು ನಿನ್ನೆ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದೆ. 2013ರ ಲ್ಯಾಂಡ್ ರೋವರ್ ಡಿಸ್ಕವರಿ 4. ಬಿಳಿ ಬಣ್ಣ, ಒಳಗೆ ಕಂದು ಚರ್ಮದ ಸೀಟು, ತಲೆಯ ಮೇಲೆ ಗಾಜಿನ ಸೂರು. ಮೀಟರಿನಲ್ಲಿ 92,000 ಕಿಲೋಮೀಟರು. ದೆಹಲಿ ನಂಬರು, ಈಗ ಬೆಂಗಳೂರಿನ ಒಬ್ಬ ವ್ಯಾಪಾರಿಯ ಶೆಡ್ಡಿನಲ್ಲಿದೆ, 14 ಲಕ್ಷ ಹೇಳುತ್ತಿದ್ದಾನೆ. 'ಅತ್ತೆ, ಹೊಸದಿದ್ದಾಗ ಅರ್ಧ ಕೋಟಿಗೂ ಮೇಲಿತ್ತು. ಈಗ ಹೊಸ ಥಾರ್ ರಾಕ್ಸ್ ಫೋರ್ ಬೈ ಫೋರ್‌ಗಿಂತ ಕಡಿಮೆಗೆ ಬರ್ತಿದೆ. ತಗೊಳ್ಳಲಾ?' ಅಂತ ಕೇಳಿದ್ದೀಯ. ಕೇಳಿದ್ದು ಸಂತೋಷ. ಅಡ್ವಾನ್ಸ್ ಕೊಟ್ಟಾದ ಮೇಲೆ ಕೇಳುವವರೇ ಹೆಚ್ಚು.

ಗಾಡಿ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆದಿರುವುದನ್ನೆಲ್ಲ ಓದಿ, ಅತ್ತೆಗೆ ಇಂಥವೆಲ್ಲ ಆಗದು ಎಂದುಕೊಳ್ಳಬೇಡ. ಹತ್ತೊಂಬತ್ತನೇ ವಯಸ್ಸಿಗೆ ವಿಲ್ಲೀಸ್ ಜೀಪಿನ ಸ್ಟೀರಿಂಗ್ ಹಿಡಿದವಳು ನಾನು. ಒಳ್ಳೆಯ ಫೋರ್ ವೀಲ್ ಗಾಡಿಯೊಂದು ಕೆಸರು ಏರಿಯಲ್ಲಿ ನಾಲ್ಕೂ ಕಾಲು ಊರಿ ಹತ್ತುವಾಗ ಎದೆಯಲ್ಲಿ ಏನಾಗುತ್ತದೆಂದು ನನಗೆ ಗೊತ್ತು. ಆಸೆಪಡುವುದು ತಪ್ಪಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಕೆಲಸ ಬಿಟ್ಟು ಹಾನುಬಾಳಿನ ಮಳೆಗೆ ಮೈಯೊಡ್ಡಿ ನಿಂತವನು ನೀನು. ದುಡಿದಿದ್ದೀಯ, ಕೈಯಲ್ಲಿ ಕಾಸೂ ಆಡುತ್ತಿದೆ.

ಆ ಕಾಸು ಎಲ್ಲಿಂದ ಬಂತು ಎಂಬುದನ್ನು ಮಾತ್ರ ಒಂದು ಗಳಿಗೆ ಯೋಚಿಸು. ರೊಬಸ್ಟಾ ಕಾಫಿಗೆ ನಮ್ಮ ಜನ್ಮದಲ್ಲಿ ಕಾಣದ ದರ 2024ರಲ್ಲಿ ಬಂತು, 2025ರ ಶುರುವಿನಲ್ಲಿ ಅರೇಬಿಕಾ ಕೂಡ ಹಾಗೇ ಏರಿತು. ಇಂಥದ್ದೇ ಒಂದು ಕಾಲವನ್ನು ನಾನು ಮೊದಲೂ ನೋಡಿದ್ದೇನೆ. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಹೊಡೆದಾಗ ಇಲ್ಲಿ ದರ ನೆಗೆಯಿತು. ಅದೇ ಹೊತ್ತಿಗೆ ಬೆಳೆದದ್ದನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ಕಟ್ಟುಪಾಡೂ ಸಡಿಲವಾಗಿತ್ತು. ಸಕಲೇಶಪುರದ ಪೇಟೆಯಲ್ಲಿ ವಾರಕ್ಕೊಂದು ಹೊಸ ಕಾರು ಕಾಣುತ್ತಿತ್ತು. ಏಳೆಂಟು ವರ್ಷ ಕಳೆಯುವುದರೊಳಗೆ, 2001-02ರ ಹೊತ್ತಿಗೆ, ದರ ಕುಸಿದು ಕುಯ್ಲಿನ ಕೂಲಿ ಹುಟ್ಟುವುದೂ ಕಷ್ಟವಾಯಿತು. ಆ ಕಾರುಗಳಲ್ಲಿ ಎಷ್ಟೋ ಕಾರು ಬ್ಯಾಟರಿ ಸತ್ತು ಕಾಫಿ ಕಣದ ಪಕ್ಕದಲ್ಲೇ ನಿಂತವು. ಕೊಳ್ಳುವ ದುಡ್ಡು ಒಂದು ಫಸಲಿನದು. ಸಾಕುವ ದುಡ್ಡು ಪ್ರತಿ ಫಸಲಿನಲ್ಲೂ ಹುಟ್ಟಬೇಕು. ನೀನು ತಗೊಳ್ಳಬೇಕೋ ಬೇಡವೋ ಅನ್ನುವುದನ್ನು ಈ ವರ್ಷದ ದರ ಹಿಡಿದು ಲೆಕ್ಕ ಹಾಕಬೇಡ. ಐದು ವರ್ಷದ ಹಿಂದಿನ ದರ ಹಿಡಿದು ಹಾಕು.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಆ ಗಾಡಿಯ ಬೆಲೆ ಅರ್ಧ ಕೋಟಿಯಿಂದ 14 ಲಕ್ಷಕ್ಕೆ ಇಳಿದಿದೆ, ನಿಜ. ಆದರೆ ಅದರ ಒಂದು ಬೋಲ್ಟಿನ ಬೆಲೆಯೂ ಇಳಿದಿಲ್ಲ. ಅದರ ಕಂಪ್ರೆಸರ್, ಅದರ ಟರ್ಬೊ, ಅದರ ಹೆಡ್‌ಲೈಟು, ಅದನ್ನು ಬಿಚ್ಚುವ ಮೆಕ್ಯಾನಿಕ್ಕಿನ ಕೂಲಿ ಎಲ್ಲವೂ ಅರ್ಧ ಕೋಟಿಯ ಗಾಡಿಯವೇ. ಮೊದಲ ಮಾಲೀಕ ಹೊಸ ಗಾಡಿಗೆ ಅಷ್ಟು ದುಡ್ಡು ಕೊಟ್ಟ, ಗಾಡಿ ಹೊಸದಾಗಿದ್ದರಿಂದ ರಿಪೇರಿಗೆ ಹೆಚ್ಚೇನೂ ಸುರಿಯಲಿಲ್ಲ. ನೀನು ಗಾಡಿಗೆ ಕಡಿಮೆ ಕೊಡುತ್ತೀಯ, ಉಳಿದದ್ದನ್ನು ಕಂತುಕಂತಾಗಿ ರಿಪೇರಿಗೆ ಕೊಡುತ್ತೀಯ. ಥಾರ್ ಜೊತೆ ಹೋಲಿಸಿದೆಯಲ್ಲ, ಆ ಹೋಲಿಕೆ ಅಲ್ಲೇ ಮುರಿದು ಬೀಳುತ್ತದೆ. ಇದು ಅದಕ್ಕಿಂತ ಅಗ್ಗವಾಗಿರುವುದು ಕೊಳ್ಳುವ ದಿನ ಮಾತ್ರ.

'ಪ್ಲಾಂಟರುಗಳು ಮೊದಲಿಂದಲೂ ಲ್ಯಾಂಡ್ ರೋವರ್ ಇಟ್ಟವರಲ್ಲವೇ' ಅಂತಲೂ ಬರೆದಿದ್ದೀಯ. ಇಟ್ಟಿದ್ದರು, ಸರಿ. ಅದು ಹುಟ್ಟಿದ್ದೇ ರೈತನ ಗಾಡಿಯಾಗಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ಹೊಲದ ಕೆಲಸಕ್ಕೆ ಸೇನೆಯ ಹಳೆಯ ವಿಲ್ಲೀಸ್ ಜೀಪು ಇಟ್ಟುಕೊಂಡಿದ್ದ. ಅದನ್ನು ನೋಡಿಯೇ ತಮ್ಮದೊಂದು ಗಾಡಿ ಮಾಡುವ ಯೋಚನೆ ಬಂತು. ಯುದ್ಧದ ನಂತರ ಉಕ್ಕಿಗೆ ರೇಷನ್ ಇದ್ದುದರಿಂದ ಅಲ್ಯೂಮಿನಿಯಂ ತಗಡಿನ ಬಾಡಿ ಕಟ್ಟಿದರು, 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಜನರ ಮುಂದಿಟ್ಟರು. ಆ ಗಾಡಿಯನ್ನು ನಾಲ್ಕು ಸ್ಪ್ಯಾನರ್, ಒಂದು ಸುತ್ತಿಗೆ ಇದ್ದವನು ಮರದ ನೆರಳಲ್ಲಿ ಬಿಚ್ಚಿ ಜೋಡಿಸಬಹುದಿತ್ತು. ನಮ್ಮ ಮನೆಯ ವಿಲ್ಲೀಸೂ ಹಾಗೇ ಇತ್ತು. ನಿನ್ನ ಡಿಸ್ಕವರಿ ಆ ವಂಶದ್ದೇ, ಆದರೆ ವಂಶದ ಹೆಸರು ಹೇಳಿದರೆ ಸ್ಪ್ಯಾನರಿಗೆ ಬಗ್ಗುವುದಿಲ್ಲ. ಅದರಲ್ಲಿ ಒಂದು ಬಲ್ಬು ಕೆಟ್ಟರೂ ಕಂಪ್ಯೂಟರು ಗುರುತು ಹಾಕಿಕೊಳ್ಳುತ್ತದೆ. ಕೆಸರು, ಮರಳು, ಬಂಡೆ ಎಂದು ಚಿತ್ರ ನೋಡಿ ತಿರುಗಿಸುವ ಗುಂಡಿಯೊಂದು ಇದೆಯಲ್ಲ, ಟೆರೇನ್ ರೆಸ್ಪಾನ್ಸ್, ಅದ್ಭುತವಾದ ಯೋಚನೆ ಅದು. ಎಂಜಿನ್ನು, ಗೇರು, ಬ್ರೇಕು, ಗಾಡಿಯ ಎತ್ತರ ನಾಲ್ಕನ್ನೂ ಒಂದೇ ಸಲಕ್ಕೆ ಹದ ಮಾಡುತ್ತದೆ. ಅಂದರೆ ಆ ನಾಲ್ಕರಲ್ಲಿ ಒಂದರ ಸೆನ್ಸರ್ ಮುನಿಸಿಕೊಂಡರೂ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ.

ನಿನ್ನ ಮಾವ ಇದ್ದಾಗ ನಾವೊಂದು ಹಳೆಯ ವಿದೇಶಿ ಫೋರ್ ವೀಲ್ ಗಾಡಿ ತಗೊಂಡಿದ್ದೆವು. ನೀನಾಗ ಹಾಸ್ಟೆಲ್ಲಿನಲ್ಲಿದ್ದೆ. ಯಾವ ಕಂಪನಿಯದು ಎಂಬುದು ಬೇಡ, ತಪ್ಪು ಕಂಪನಿಯದೂ ಆಗಿರಲಿಲ್ಲ. ಎಂಟು ವರ್ಷದ ಹಳೆಯದು, ನೋಡಲು ಆನೆಯ ಹಾಗೆ ಗಂಭೀರ. ಒಂದು ಜುಲೈ ರಾತ್ರಿ, ಮಳೆ ಹಿಡಿದು ಐದನೇ ದಿನ, ಕೂಲಿ ಲೈನಿನಿಂದ ಓಡಿ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು, ದಿನ ತುಂಬುವ ಮೊದಲೇ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಮಾವ ಬಟನ್ ಒತ್ತಿದರು. ಮುಂದಿನ ಪರದೆಯಲ್ಲಿ ಕೆಂಪು, ಹಳದಿ ದೀಪಗಳೆಲ್ಲ ಹತ್ತಿದವು. ಎಂಜಿನ್ ಒಮ್ಮೆ ಮುಲುಗಿ ಸುಮ್ಮನಾಯಿತು. ಆಮೇಲೆ ಗೇರು ಪಾರ್ಕಿನಿಂದ ಹೊರಗೆ ಬರಲಿಲ್ಲ. ಜೀಪಾಗಿದ್ದರೆ ನಾಲ್ಕು ಜನ ತಳ್ಳಿ ಇಳಿಜಾರಿನಲ್ಲಿ ಸ್ಟಾರ್ಟ್ ಮಾಡಬಹುದಿತ್ತು. ಈ ಗಾಡಿಯ ಚಕ್ರವೇ ಉರುಳುತ್ತಿರಲಿಲ್ಲ. ಕೊನೆಗೆ ಶೆಡ್ಡಿನಲ್ಲಿದ್ದ ಹಳೆಯ ಜೀಪಿನಿಂದ ಸೌದೆ ಇಳಿಸಿ, ಗೋಣಿಚೀಲ ಹಾಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ ಕೂತೆ. ತಾಯಿ ಮಗು ಇಬ್ಬರೂ ಉಳಿದರು. ಆಸ್ಪತ್ರೆ ತಲುಪುವ ತನಕದ ಆ ಮುಕ್ಕಾಲು ಗಂಟೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಆಗಿದ್ದೇನು ಗೊತ್ತೇ? ಒಂದು ವಾರ ಗಾಡಿ ನಿಂತಲ್ಲೇ ನಿಂತಿತ್ತು. ಇಂಥ ಗಾಡಿಗಳ ಕಂಪ್ಯೂಟರುಗಳು ನಿಂತಾಗಲೂ ಚೂರುಚೂರು ಕರೆಂಟು ಕುಡಿಯುತ್ತಿರುತ್ತವೆ, ಬ್ಯಾಟರಿ ಬಲ ಕುಗ್ಗಿದರೆ ಇಲ್ಲದ ರೋಗವನ್ನೂ ತೋರಿಸುತ್ತವೆ. ಅದರ ಜೊತೆಗೆ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಸೇರಿದ್ದ ಇಲಿ ಒಂದು ವಯರು ಕಡಿದಿತ್ತು. ಅಷ್ಟೇ. ಆ ವಯರು ಹುಡುಕಲು ಹನ್ನೊಂದು ದಿನ ಬೇಕಾಯಿತು. ಗಾಡಿ ಹೊರುವ ಲಾರಿ ನಮ್ಮ ತೋಟದ ರಸ್ತೆಗೆ ಇಳಿಯಲಾರದು. ಬೇರೆ ಬ್ಯಾಟರಿ ಕಟ್ಟಿ ಗೇರು ಬಿಡಿಸಿ, ಟ್ರ್ಯಾಕ್ಟರಿನಲ್ಲಿ ಡಾಂಬರು ರಸ್ತೆಯ ತನಕ ಎಳೆದು, ಅಲ್ಲಿಂದ ಲಾರಿಗೇರಿಸಿ 220 ಕಿಲೋಮೀಟರ್ ದೂರದ ಬೆಂಗಳೂರಿಗೆ ಸಾಗಿಸಬೇಕಾಯಿತು. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ: ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ಸ್ಟಾರ್ಟ್ ಆಗಲೇಬೇಕಾದ ಗಾಡಿ ನಿನ್ನ ಮನೆಯಲ್ಲಿ ಯಾವುದು? ಡಿಸ್ಕವರಿ ತರಲೆಂದು ನಿನ್ನ ಹಳೆಯ ಜಿಪ್ಸಿ ಜೀಪನ್ನು ಮಾರುವ ಯೋಚನೆ ಇದ್ದರೆ, ಇಲ್ಲಿಗೇ ಓದುವುದು ನಿಲ್ಲಿಸಿ ಆ ವ್ಯಾಪಾರಿಗೆ ಬೇಡವೆಂದು ಫೋನ್ ಮಾಡು. ಜಿಪ್ಸಿ ಉಳಿಯುವುದಾದರೆ ಮಾತ್ರ ಮುಂದೆ ಓದು.

ನನ್ನ ಅಪ್ಪ, ನಿನ್ನ ಅಜ್ಜ, ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹಳ್ಳಿಕಾರ್ ಎತ್ತು ಕೊಳ್ಳಲು ಹೋದಾಗ ಒಂದು ಸಲ ನನ್ನನ್ನೂ ಕರೆದೊಯ್ದಿದ್ದರು. ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಅಪ್ಪ ಹಲ್ಲು ನೋಡಿದರು, ಸುಳಿ ನೋಡಿದರು, ಗೊರಸು ಎತ್ತಿ ನೋಡಿದರು, ನಡೆಸಿ ನೋಡಿದರು. ಇಷ್ಟಾದರೂ ಟವೆಲ್ಲಿಗೆ ಕೈ ಹಾಕಲಿಲ್ಲ. ಆ ರಾತ್ರಿ ಅಲ್ಲೇ ಬಯಲಿನಲ್ಲಿ ಮಲಗಿದೆವು. ಬೆಳಗಿನ ಜಾವ ಮಾರುವವನು ಏಳುವ ಮೊದಲೇ ಅಪ್ಪ ಹೋಗಿ ಆ ಎತ್ತು ಮಲಗಿದ್ದರಿಂದ ಹೇಗೆ ಎದ್ದು ನಿಲ್ಲುತ್ತದೆಂದು ನೋಡಿದರು. ಹಗಲು ತಿನ್ನಿಸಿ, ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ ನಿಲ್ಲಿಸಿದ ಎತ್ತಿಗೂ ರಾತ್ರಿ ಕಳೆದು ತಣ್ಣಗಾದ ಎತ್ತಿಗೂ ವ್ಯತ್ಯಾಸವಿದೆ ಎನ್ನುತ್ತಿದ್ದರು.

ನಿನ್ನ ಗಾಡಿಗೂ ಅದೇ ಪರೀಕ್ಷೆ. ಡಿಸ್ಕವರಿ 4 ನಿಂತಿರುವುದು ಉಕ್ಕಿನ ಸ್ಪ್ರಿಂಗಿನ ಮೇಲಲ್ಲ, ಗಾಳಿಯ ಮೇಲೆ. ನಾಲ್ಕು ಮೂಲೆಗೆ ನಾಲ್ಕು ಗಾಳಿಚೀಲ, ಮೆಕ್ಯಾನಿಕ್ಕುಗಳ ಬಾಯಲ್ಲಿ ಬಲೂನು. ಅವಕ್ಕೆ ಗಾಳಿ ತುಂಬಲು ಒಂದು ಕಂಪ್ರೆಸರ್. ರಬ್ಬರಿಗೆ ವಯಸ್ಸಾದಂತೆ ಕೂದಲೆಳೆಯ ಬಿರುಕಿನಲ್ಲಿ ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ. ಕಂಪ್ರೆಸರ್ ಮಾತ್ರ ಬದಲಿಸಿ ಸೋರುವ ಬಲೂನನ್ನು ಹಾಗೇ ಬಿಟ್ಟವರು ಆರು ತಿಂಗಳಿಗೆ ಇನ್ನೊಂದು ಕಂಪ್ರೆಸರ್ ಹಾಕಿಸುತ್ತಾರೆ. ಆದ್ದರಿಂದ ಸಂಜೆ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿಗೆ ಟೇಪು ಹಿಡಿದು ಅಳತೆ ಬರೆದುಕೋ. ಬೆಳಿಗ್ಗೆ ಅವರು ಸ್ಟಾರ್ಟ್ ಮಾಡುವ ಮೊದಲು ಮತ್ತೆ ಅಳೆ. ನಾಲ್ಕೂ ಕಡೆ ಸಮನಾಗಿ ಒಂದಿಷ್ಟು ಇಳಿದಿದ್ದರೆ ಹೆದರಬೇಡ. ಒಂದು ಮೂಲೆ ಕುಸಿದಿದ್ದರೆ, ಇಲ್ಲವೇ ಇಡೀ ಗಾಡಿ ಹೊಟ್ಟೆ ನೆಲಕ್ಕೆ ತಾಗುವಂತೆ ಕೂತಿದ್ದರೆ, ನಿನಗೆ ಉತ್ತರ ಸಿಕ್ಕಿತು.

ಅದೇ ಬೆಳಿಗ್ಗೆ ಬಾನೆಟ್ಟಿನ ಮೇಲೆ ಕೈಯಿಡು. ಬಿಸಿಯಿದ್ದರೆ ನೀನು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ, ಯಾಕೆಂದು ಕೇಳು. ತಣ್ಣಗಿನ ಎಂಜಿನ್ನು ಮೊದಲ ಅರ್ಧ ನಿಮಿಷ ಆಡುವ ಮಾತನ್ನು ಆಮೇಲೆ ಆಡುವುದಿಲ್ಲ. ಈ ಮೂರು ಲೀಟರ್ ವಿ6 ಡೀಸೆಲ್ ಎಂಜಿನ್ನಿಗೆ ಮುಂದೊಂದು, ಹಿಂದೊಂದು ಎರಡು ಬೆಲ್ಟುಗಳಿವೆ. ಹಿಂದಿನದು ಡೀಸೆಲ್ ಪಂಪನ್ನು ತಿರುಗಿಸುತ್ತದೆ. ಮುಂದಿನದನ್ನು ಬದಲಿಸಿ ಹಿಂದಿನದನ್ನು ಮರೆಯುವವರಿದ್ದಾರೆ. ಬೆಲ್ಟಿನ ಆಯುಷ್ಯ ಕಿಲೋಮೀಟರಿನಿಂದ ಮಾತ್ರ ತೀರುವುದಿಲ್ಲ, ವರ್ಷಗಳಿಂದಲೂ ತೀರುತ್ತದೆ. 2013ರ ಗಾಡಿಯ ಬೆಲ್ಟು ಬದಲಿಸಿದ ಬಿಲ್ಲು ಇಲ್ಲದಿದ್ದರೆ ಆ ಖರ್ಚು ನಿನ್ನದು, ಕೊಂಡ ಮೊದಲ ವಾರದಲ್ಲೇ. ಈ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಮುರಿದ ಪ್ರಸಂಗಗಳು ಇಂಗ್ಲೆಂಡು, ಆಸ್ಟ್ರೇಲಿಯಾಗಳ ಮಾಲೀಕರಲ್ಲಿ ಎಲ್ಲರಿಗೂ ತಿಳಿದ ಮಾತು. ಹಾಗಂತ ಎಲ್ಲ ಗಾಡಿಗೂ ಆಗುತ್ತದೆಂದಲ್ಲ. ಆದರೆ 10,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿದ ದಾಖಲೆ ಇದ್ದ ಗಾಡಿಗೂ 'ಎಲ್ಲ ಮಾಡಿಸಿದ್ದೀವಿ ಸಾರ್' ಎಂಬ ಬಾಯಿಮಾತಿನ ಗಾಡಿಗೂ ನಾನು ಒಂದೇ ಬೆಲೆ ಕೊಡಲಾರೆ. ಇನ್ನು ಟರ್ಬೊ ಕೆಟ್ಟರೆ ಅನೇಕ ವರ್ಕ್‌ಶಾಪುಗಳಲ್ಲಿ ಇಡೀ ಬಾಡಿಯನ್ನು ಚಾಸಿಯಿಂದ ಮೇಲೆತ್ತಿ ಕೆಲಸ ಮಾಡುತ್ತಾರೆ. ಆ ಕೂಲಿಯನ್ನು ಊಹಿಸಿಕೋ. ಗೇರ್‌ಬಾಕ್ಸಿನ ಆಯಿಲ್ ಜನ್ಮಕ್ಕೆಲ್ಲ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡ. ಆ ಎಂಟು ಗೇರಿನ ಪೆಟ್ಟಿಗೆ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತದೆ. ನಿನ್ನ ಗಾಡಿ ಸರಿಯಾಗಿ ಆ ಹೊಸ್ತಿಲಲ್ಲೇ ನಿಂತಿದೆ.

ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ನೀನೀಗ ಗುರುತಿಸುತ್ತೀಯಲ್ಲ. ಎಲೆ ಹಸಿರಾಗಿರುವಾಗಲೇ ಕಾಂಡ ಸವರಿದರೆ ಉಬ್ಬು ಗೆರೆ ಕೈಗೆ ಸಿಗುತ್ತದೆ. ನೀರಲ್ಲಿ ಮುಳುಗಿದ ಗಾಡಿಯೂ ಹಾಗೇ, ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. 2015ರ ಚೆನ್ನೈ, 2018ರ ಕೇರಳ, 2022ರ ಬೆಂಗಳೂರು, ಮೂರೂ ನೆರೆಯಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ನಿಂತಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಇನ್ಶೂರೆನ್ಸ್ ಕಂಪನಿ ಕೈತೊಳೆದುಕೊಂಡ ಗಾಡಿ ಹರಾಜಾಗಿ, ತೊಳೆದು, ಒಣಗಿಸಿ ಮತ್ತೆ ಮಾರುಕಟ್ಟೆಗೆ ಬರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡು, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದೆಯೇ. ಸೀಟಿನ ಕಂಬಿಯ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ. ಕಾರ್ಪೆಟ್ ಎತ್ತಿ ಮೂಸಿ ನೋಡು. ಡಿಸ್ಕವರಿಯಲ್ಲಿ ಇನ್ನೊಂದು ಇದೆ, ಗಾಜಿನ ಸೂರಿನ ನೀರು ಇಳಿಯುವ ಸಣ್ಣ ಕೊಳವೆಗಳಲ್ಲಿ ಕಸ ಕಟ್ಟಿದರೆ ನೀರು ಒಳಗೆ ಇಳಿಯುತ್ತದೆ. ಸಿಲ್ವರ್ ಓಕ್ ಎಲೆ ಉದುರುವ ನಮ್ಮ ಅಂಗಳದಲ್ಲಿ ಅದು ಕಟ್ಟಲು ಒಂದು ಮಳೆಗಾಲ ಸಾಕು. ಹ್ಯಾಂಡ್‌ಬ್ರೇಕ್ ಕೂಡ ಮೋಟರಿನದು. ಗುಂಡಿ ಎತ್ತಿದಾಗ ಕಿರುಚಿದರೆ ಒಳಗೆ ಕೆಸರು, ಧೂಳು ಸೇರಿದೆ. ಗೇರನ್ನು ನ್ಯೂಟ್ರಲ್‌ಗೆ ತಂದು ಲೋ ರೇಂಜ್ ಹಾಕಿಸಿ ನೋಡು. ನಗರದಲ್ಲೇ ಬೆಳೆದ ಗಾಡಿಯಲ್ಲಿ ಅದನ್ನು ಹತ್ತು ವರ್ಷದಿಂದ ಯಾರೂ ಮುಟ್ಟಿರುವುದಿಲ್ಲ. ಇಷ್ಟೆಲ್ಲ ನಾವು ನೋಡಿದ ಮೇಲೂ, ಈ ಕಂಪನಿಯ ಗಾಡಿಗಳನ್ನೇ ಬಿಚ್ಚುವ ಒಬ್ಬ ಸ್ವತಂತ್ರ ಮೆಕ್ಯಾನಿಕ್ಕಿಗೆ ಅವನು ಕೇಳಿದಷ್ಟು ಕೊಟ್ಟು ಕಂಪ್ಯೂಟರ್ ಹಾಕಿ ನೋಡಿಸು. ಅಲ್ಲಿ ಚೌಕಾಸಿ ಬೇಡ.

ದೆಹಲಿ ಗಾಡಿ ಎಂದ ಕೂಡಲೇ ಎಲ್ಲರೂ ಮೂಗು ಮುರಿಯುತ್ತಾರೆ. ನನಗೆ ಅದರಲ್ಲಿ ಅಷ್ಟು ಭಯವಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅದರಿಂದ ಒಳ್ಳೆಯ ಗಾಡಿಗಳೂ ಅಗ್ಗವಾಗಿ ದಕ್ಷಿಣಕ್ಕೆ ಬಂದವು. ರೋಗದಿಂದ ಅಗ್ಗವಾದ ಗಾಡಿಗಿಂತ ಕಾನೂನಿನಿಂದ ಅಗ್ಗವಾದ ಗಾಡಿ ಮೇಲು. ಆದರೆ ಅದು ಎಷ್ಟು ತಿಂಗಳು ಓಡದೆ ನಿಂತಿತ್ತು ಕೇಳು, ನಿಂತ ಗಾಡಿಯ ರಬ್ಬರೆಲ್ಲ ಒಣಗುತ್ತದೆ. ಎನ್‌ಒಸಿ ಕೈಯಲ್ಲಿದೆಯೇ, ಸಾಲ ತೀರಿದ ಪತ್ರವಿದೆಯೇ ನೋಡು. ಚಾಸಿ ನಂಬರು ಆರ್‌ಸಿಗೆ ಹೊಂದುತ್ತದೆಯೇ ನಿನ್ನ ಕಣ್ಣಾರೆ ನೋಡು.

ಕರ್ನಾಟಕದ ತೆರಿಗೆ ನಿನ್ನ ಲೆಕ್ಕದಲ್ಲಿ ಇರಲೇ ಇಲ್ಲ. 20 ಲಕ್ಷಕ್ಕಿಂತ ಮೇಲಿನ ಕಾರಿಗೆ ಇಲ್ಲಿ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಹೊರರಾಜ್ಯದ ಹಳೆಯ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಆದರೆ ಲೆಕ್ಕ ಶುರುವಾಗುವುದು ಅದು ಹೊಸದಿದ್ದಾಗಿನ ಬೆಲೆಯಿಂದ, ನೀನು ಕೊಡುವ 14 ಲಕ್ಷದಿಂದಲ್ಲ. ನೋಡು, ಇಲ್ಲೂ ಆ ಅರ್ಧ ಕೋಟಿಯೇ ಎದುರು ಬಂತು. ಎಷ್ಟಾಗುತ್ತದೆಂದು ಹಾಸನದ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಆಮೇಲೆ ಮಾತಿಗೆ ಕೂರು. 2028ರಲ್ಲಿ ಅದಕ್ಕೆ 15 ವರ್ಷ ತುಂಬುತ್ತದೆ, ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಆಮದಾದ ಕಾರಿಗೆ ಆ ಶುಲ್ಕವೇ 40,000 ರೂಪಾಯಿ, ಡಿಸ್ಕವರಿ 4 ಇಡಿಯಾಗಿ ಹೊರಗಿನಿಂದಲೇ ಬಂದ ಗಾಡಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಹತ್ತು ವರ್ಷ ದಾಟಿದ ಗಾಡಿಗೆ ಅಪಘಾತವಾದರೆ ಲೋಹದ ಭಾಗದ ಬೆಲೆಯಲ್ಲಿ ಅರ್ಧ ಮಾತ್ರ ಸಿಗುತ್ತದೆ, ಪ್ಲಾಸ್ಟಿಕ್ಕು ರಬ್ಬರಿಗೂ ಅರ್ಧವೇ. ಹಳ್ಳ ದಾಟುವಾಗ ಎಂಜಿನ್ನಿಗೆ ನೀರು ಎಳೆದುಕೊಂಡರೆ ಮಾಮೂಲಿ ಪಾಲಿಸಿಯಲ್ಲಿ ಬಿಡಿಗಾಸೂ ಸಿಗದಿರಬಹುದು. ಡಿಸ್ಕವರಿ 700 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ ಎಂದು ಕಂಪನಿ ಹೇಳುವುದು ಸತ್ಯ. ಅದು ಹೊಸ ರಬ್ಬರು, ಹೊಸ ಸೀಲುಗಳ ಗಾಡಿಗೆ ಹೇಳಿದ ಮಾತು.

ಇಷ್ಟು ಹೇಳಿ ನಿನ್ನ ದಾರಿಯ ವಿಷಯ ಹೇಳದಿದ್ದರೆ ಹೇಗೆ. ನಿನ್ನ ತೋಟದ ಹಿಂದಿನ ಏರಿ ನನಗೆ ಗೊತ್ತು, ಮಳೆಗಾಲದಲ್ಲಿ ಸಾಬೂನು. ಈ ಗಾಡಿ ಸುಮಾರು 2,500 ಕಿಲೋ ತೂಗುತ್ತದೆ, ಜಿಪ್ಸಿ ಅದರ ಅರ್ಧಕ್ಕಿಂತ ಹಗುರ. ನೀನು ಕಳಿಸಿದ ಫೋಟೋದಲ್ಲಿರುವುದು 19 ಇಂಚಿನ ಹೆದ್ದಾರಿ ಟಯರು. ಅದನ್ನು ಹಾಕಿಕೊಂಡು ಆ ಏರಿಗೆ ಹೋದರೆ ಎಷ್ಟು ಕಂಪ್ಯೂಟರಿದ್ದರೂ ಗಾಡಿ ಗಿಡದ ಸಾಲಿಗೇ ಜಾರುತ್ತದೆ. ಬಟನ್ ಟಯರಿನ ಜಿಪ್ಸಿ ಪಕ್ಕದಲ್ಲೇ ಹತ್ತಿ ಹೋಗುತ್ತದೆ. ಕೆಸರಿಗೆ ತೂಕ ಕಡಿಮೆಯಿರಬೇಕು, ಟಯರು ಸರಿಯಿರಬೇಕು, ಉಳಿದದ್ದು ಆಮೇಲೆ. ತೋಟದ ಕೆಲಸಕ್ಕೇ ಗಾಡಿ ಬೇಕೆಂದಿದ್ದರೆ ಜಿಮ್ನಿಯನ್ನೋ ಥಾರನ್ನೋ ನೋಡು ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ. ದೊಡ್ಡ ಗಾಡಿಯೂ ಬೇಕು, ನೆಮ್ಮದಿಯೂ ಬೇಕು ಎಂದರೆ ಹಳೆಯ ಫಾರ್ಚೂನರ್ ಫೋರ್ ಬೈ ಫೋರ್ ಇದೆ. ಬಿಡದಿಯಲ್ಲೇ ತಯಾರಾಗುವ ಗಾಡಿ, ಬಿಡಿಭಾಗಕ್ಕೆ ಕಡಲು ದಾಟಬೇಕಾಗಿಲ್ಲ. ಹಳೆಯದಾದರೂ ಬೆಲೆ ಬಿಡುವುದಿಲ್ಲ ಎಂದು ನೀನು ಗೊಣಗುತ್ತೀಯ. ಯಾಕೆ ಬಿಡುವುದಿಲ್ಲ ಅನ್ನುವುದನ್ನೂ ಯೋಚಿಸು. ಇನ್ನೂ ಹೊಸ, ಬಿಎಸ್6 ಡೀಸೆಲ್ಲಿನ ಐಷಾರಾಮಿ ಗಾಡಿ ನೋಡುವ ಮನಸ್ಸಾದರೆ ಒಂದು ಎಚ್ಚರ: ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರಿದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸಿದರೆ ಮಾತ್ರ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ಸೊಸೈಟಿಗೆ ಎಂದು ಎರಡು ಮೂರು ಕಿಲೋಮೀಟರ್ ತೆವಳಿಸಿದರೆ ಕಟ್ಟಿಕೊಳ್ಳುತ್ತದೆ.

ಆದರೆ ನಿನಗೆ ಬೇಕಾಗಿರುವುದು ತೋಟದ ಗಾಡಿಯಲ್ಲ, ನನಗೆ ಅರ್ಥವಾಗಿದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಿಸ್ಲೆ ಘಾಟಿಯಲ್ಲಿ ಇಳಿಯಬೇಕು, ಬೇಸಿಗೆಯಲ್ಲಿ ಒಮ್ಮೆ ಸ್ಪಿತಿಯ ತನಕ ಹೋಗಬೇಕು. ಕಾಲೇಜಿನ ದಿನಗಳಿಂದ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರದ ಗಾಡಿ ನಿನ್ನ ಅಂಗಳದಲ್ಲಿ ನಿಲ್ಲಬೇಕು. ಅದಕ್ಕೆ ನಾನು ಬೇಡ ಅನ್ನಲಾರೆ. ಆ ಕೆಲಸಕ್ಕೆ ಡಿಸ್ಕವರಿಯಷ್ಟು ಆರಾಮದ, ಅಷ್ಟು ದೂರ ನೋಡುತ್ತಾ ಕೂರಬಹುದಾದ ಗಾಡಿ ಕಡಿಮೆ. ನನ್ನ ಒಪ್ಪಿಗೆ ಹೀಗೆ: ಜಿಪ್ಸಿ ಮನೆಯಲ್ಲಿರಬೇಕು. ಬ್ಯಾಂಕಿನ ಸಾಲ ಬೇಡವೇ ಬೇಡ. ಗಾಡಿಗೆ ಕೊಡುವ ಬೆಲೆಯ ಮೂರನೇ ಒಂದು ಭಾಗವನ್ನು ಅದರ ಹೆಸರಿನಲ್ಲೇ ಬೇರೆ ಖಾತೆಯಲ್ಲಿಡು, ಮೊದಲ ವರ್ಷದ ಬೆಲ್ಟು, ಆಯಿಲ್ಲು, ಬಲೂನು, ಟಯರಿಗೆ. ಅಷ್ಟು ಎತ್ತಿಟ್ಟ ಮೇಲೂ ಮುಂದಿನ ಕುಯ್ಲಿನ ಕೂಲಿಗೆ, ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ಕೈ ಹಾಕಬೇಕಾಗಿಲ್ಲ ಅಂದರೆ ತಗೋ. ಆ ಖಾತೆಗೆ ದುಡ್ಡು ಸಾಲದೆ ಹೋದರೆ, 14 ಲಕ್ಷ ಇದ್ದರೂ ನಿನ್ನ ಹತ್ತಿರ ಆ ಗಾಡಿಯ ದುಡ್ಡಿಲ್ಲ.

ಇನ್ನೊಂದು, ನಿನ್ನ ಹೆಂಡತಿಯನ್ನು ಕೇಳಿದೆಯಾ? ಮಕ್ಕಳನ್ನು ಶಾಲೆಗೆ ಬಿಡುವವಳು ಅವಳು. ಗಾಡಿ ಕೈಕೊಟ್ಟಾಗ ದಾರಿಯಲ್ಲಿ ನಿಲ್ಲುವವಳೂ ಅವಳೇ. ಸೀಟು ಹತ್ತಿ, ಒಂದು ಸುತ್ತು ಓಡಿಸಿ ನೋಡಲಿ. ಅವಳ ಮಾತು ನನ್ನ ಮಾತಿಗಿಂತ ಹೆಚ್ಚು ತೂಗಬೇಕು.

ಶುಕ್ರವಾರ ಮಧ್ಯಾಹ್ನ ಮೂವರೂ ಜಿಪ್ಸಿಯಲ್ಲೇ ಬೆಂಗಳೂರಿಗೆ ಹೊರಡೋಣ. ಸಂಜೆ ನಾಲ್ಕೂ ಚಕ್ರ ಅಳೆದು ಬರೆದುಕೊಳ್ಳೋಣ. ಆಮೇಲೆ ಶನಿವಾರ ಬೆಳಿಗ್ಗೆ ಆರಕ್ಕೆ ನಾವು ಬರುವ ತನಕ ಬೀಗದ ಕೈ ಮುಟ್ಟಬೇಡಿ ಎಂದು ಆ ವ್ಯಾಪಾರಿಗೆ ಇವತ್ತೇ ಹೇಳಿಡು. ಒಪ್ಪದಿದ್ದರೆ ಹೊರಡುವುದೇ ಬೇಡ. ಟೇಪು, ಟಾರ್ಚು ನನ್ನ ಚೀಲದಲ್ಲಿರುತ್ತವೆ. ಚೆಕ್ ಪುಸ್ತಕ ಮನೆಯಲ್ಲೇ ಬಿಟ್ಟು ಬಾ.